ಪ್ರವರ ಕೇಳುವ ಪುಟ

ನಮ್ಮೂರಿಗೆ ನಕ್ಷೆಯಿಲ್ಲ, ಪುಟವಿದೆ. ಪುಟ ಏನು ತೋರಿಸುತ್ತದೋ ಊರಿನಲ್ಲಿ ಅದೇ ನಡೆಯುತ್ತದೆ. ನಲ್ಲಿಯಲ್ಲಿ ನೀರಿದೆ ಎಂದು ಪುಟ ತೋರಿಸಿದರೆ ನೀರಿದೆ. ಬಸ್ಸು ಹೊರಟಿತು ಎಂದು ತೋರಿಸಿದರೆ ಡ್ರೈವರನ ಬಾಯಲ್ಲಿ ಅರ್ಧ ಇಡ್ಲಿ ಇದ್ದರೂ ಬಸ್ಸು ಹೊರಡುತ್ತದೆ, ಕೆಲವು ಸಲ ಅವನನ್ನು ಬಿಟ್ಟು. ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ಬೇರೆ ಊರುಗಳಲ್ಲಿ ಜನ ಕಾಗದ ಹೇಳಿದ ಹಾಗೆ ಬದುಕುತ್ತಾರಂತೆ, ನಾವು ಪುಟ ಹೇಳಿದ ಹಾಗೆ ಬದುಕುತ್ತೇವೆ. ತೊಂದರೆ ಇದ್ದದ್ದು ಪುಟದಲ್ಲಲ್ಲ, ಅದನ್ನು ತೋರಿಸುವ ಬ್ರೌಸರುಗಳಲ್ಲಿ. ಪುಟ ಒಂದೇ, ಬೀದಿ ಮೂರು, ಬೀದಿಗೊಂದು ಬ್ರೌಸರ್.

ಸಂತೆಬೀದಿಯವರದು ವಾಯುವೇಗ. ಹೊಸದು, ಹೆಸರಿನಲ್ಲಿರುವಷ್ಟೇ ಗಾಳಿ ಅದನ್ನು ಬಳಸುವವರ ಮಾತಿನಲ್ಲೂ ಇದೆ. ಹೊಳೆಬೀದಿಯವರದು ನೌಕೆ. ಕೋಟೆಬೀದಿಯವರದು ಎಲ್ಲಕ್ಕಿಂತ ಹಳೆಯದು, ಗವಾಕ್ಷಿ. ಅದನ್ನು ಮಾಡಿದವರು ಅಂಗಡಿ ಮುಚ್ಚಿಕೊಂಡು ಹೋಗಿ ಯಾವ ಕಾಲವಾಯಿತೋ. ಗವಾಕ್ಷಿ ಎಂಬುದು ಸಭೆಯಲ್ಲಿ ಹೇಳುವ ಹೆಸರು. ಕೋಟೆಬೀದಿಯವರು ಅದನ್ನು ಬೆಳಕಿಂಡಿ ಎನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ. ಆದರೆ ಒಂದು ಹೆಸರಿಗೆ ಶಾಲು ಹೊದಿಸಬಹುದು, ಇನ್ನೊಂದಕ್ಕೆ ಮಸಿ ಹತ್ತಿದೆ. ಈ ಬ್ರೌಸರುಗಳು ಮನೆಯ ಗೋಡೆಯಲ್ಲಿ ಕೂರಿಸಿದ ಗಾಜಿನೊಳಗಿರುತ್ತವೆ. ಮಗು ಹುಟ್ಟಿದ ಕೂಡಲೇ ಅದರ ಅಂಗೈಯನ್ನು ಬೀದಿಯ ಗಾಜಿಗೆ ಒತ್ತುತ್ತಾರೆ. ಯಾವ ಬೀದಿ ಎಂದು ಪುಟ ಕೇಳುತ್ತದೆ, ಹೇಳುತ್ತಾರೆ, ಮುಗಿಯಿತು. ಆಮೇಲೆ ಆ ಅಂಗೈ ಬೇರೆ ಬೀದಿಯ ಗಾಜಿಗೆ ಸಾಯುವವರೆಗೂ ಹತ್ತುವುದಿಲ್ಲ.

ಪುಟವನ್ನು ನಡೆಸುವ ಜಾವಾಸ್ಕ್ರಿಪ್ಟನ್ನು ಮೂರು ಬ್ರೌಸರುಗಳೂ ಓದುತ್ತವೆ, ಮೂರೂ ಮೂರು ಥರ. ಸಂತೆಯ ದಿನವನ್ನೇ ನೋಡಿ. ಪುಟದಲ್ಲಿ ಅದನ್ನು ಒಂದೇ ಸಾಲಿನಲ್ಲಿ ಬರೆದಿತ್ತು. ವಾಯುವೇಗ ಅದನ್ನು ಮಂಗಳವಾರ ಎಂದು ಓದುತ್ತಿತ್ತು. ನೌಕೆ ವಾರವನ್ನು ಬೇರೆ ಕಡೆಯಿಂದ ಎಣಿಸಿ ಬುಧವಾರ ಎನ್ನುತ್ತಿತ್ತು. ಗವಾಕ್ಷಿ ಆ ಸಾಲನ್ನು ಬಹಳ ಹೊತ್ತು ದಿಟ್ಟಿಸಿ, ಇದು ದಿನವೇ ಅಲ್ಲ ಎನ್ನುತ್ತಿತ್ತು. ಹೀಗಾಗಿ ಸಂತೆಬೀದಿಯವರು ಎಳೆಯ ಬೆಂಡೆಕಾಯಿ ತಿಂದರು. ಹೊಳೆಬೀದಿಯವರು ಮರುದಿನ ಹೋಗಿ ಬಾಡಿದ ಸೊಪ್ಪು ತಂದರು, ಬಾಡಿದ ಸೊಪ್ಪು ಪಿತ್ತಕ್ಕೆ ಒಳ್ಳೆಯದು ಎಂದು ಮೂರು ತಲೆಮಾರಿನಿಂದ ಹೇಳಿಕೊಂಡು ಬಂದರು. ಕೋಟೆಬೀದಿಯವರು ಸೋಮವಾರ ಮಲಗಿ ಬುಧವಾರ ಏಳುತ್ತಿದ್ದರು. ಅವರ ಮಂಗಳವಾರಗಳು ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ. ಅವರೂ ಕೇಳಲಿಲ್ಲ, ಇಲ್ಲದ ದಿನ ಕೂಲಿಗೆ ಹೋಗಬೇಕಿರಲಿಲ್ಲವಲ್ಲ.

ಕೇಳಿದವಳು ನಾನು, ಅದೂ ನ್ಯಾಯಕ್ಕಾಗಿ ಅಲ್ಲ, ಹಸಿವಿಗಾಗಿ. ಮೂರು ಬೀದಿ ಕೂಡುವಲ್ಲಿ ಇರುವ ಹಾಸ್ಟೆಲಿನಲ್ಲಿ ನಾನು ಬೆಳೆದೆ. ನಮ್ಮ ಅಡುಗೆಯ ಚೆಲುವಮ್ಮ ಕೋಟೆಬೀದಿಯವರು. ಮಂಗಳವಾರ ಅವರಿಗಿಲ್ಲ, ಹಾಗಾಗಿ ನಮಗೆ ಅಡುಗೆಯಿಲ್ಲ. ಪ್ರತಿ ಮಂಗಳವಾರ ನೆನೆಸಿದ ಅವಲಕ್ಕಿ ತಿಂದು ತಿಂದು ರೋಸಿ, ಹಾಸ್ಟೆಲ್ ಲೈಬ್ರರಿಯಲ್ಲಿ ರಟ್ಟು ಕಿತ್ತುಹೋಗಿದ್ದ ಜಾವಾಸ್ಕ್ರಿಪ್ಟ್ ಪುಸ್ತಕವನ್ನು ಹಿಡಿದು ಕೂತೆ. ಅದರ ಕೊನೆಯ ಅಧ್ಯಾಯಗಳನ್ನು ನನಗಿಂತ ಮೊದಲಿನ ಯಾವಳೋ ಬಜ್ಜಿಯ ಎಣ್ಣೆ ಹೀರಿಸಲು ಹರಿದಿದ್ದಳು. ಉಳಿದಷ್ಟನ್ನು ಓದಿ, ದಿನಾಂಕದ ಆ ಸಾಲನ್ನು ಒಡೆದು, ವರ್ಷ ತಿಂಗಳು ದಿನ ಎಂದು ಬಿಡಿಬಿಡಿಯಾಗಿ ಬರೆದು ಪುರಸಭೆಗೆ ಕೊಟ್ಟೆ. ಬಿಡಿಸಿ ಹೇಳಿದರೆ ಗವಾಕ್ಷಿಗೂ ಅರ್ಥವಾಗುತ್ತಿತ್ತು. ಮುಂದಿನ ವಾರ ಕೋಟೆಬೀದಿಗೆ ಮಂಗಳವಾರ ಬಂತು, ಹಾಸ್ಟೆಲಿಗೆ ಚೆಲುವಮ್ಮ ಬಂದರು.

"ಯಾವಳೇ ಅವಳು, ನಮಗೆ ಮಂಗಳವಾರ ತಂದವಳು?" ಎಂದು ಅವರು ಸೌಟು ಹಿಡಿದೇ ಕೇಳಿದರು.

"ನಾನು ಚೆಲುವಮ್ಮ."

"ವಾರಕ್ಕೊಂದು ದಿನ ಸತ್ತಂಗೆ ಬಿದ್ದಿರ್ತಿದ್ದೆ. ಅದನ್ನೂ ಕಿತ್ಕೊಂಡ್ಯಲ್ಲೇ ಮೂದೇವಿ! ನಿನ್ ತಟ್ಟೆಗೆ ಇವತ್ತು ತಳದ ಸೀದಿದ್ದೇ ಹಾಕೋದು."

ಹೇಳಿದಂತೆ ಹಾಕಿದರು. ಉಪಕಾರ ಮಾಡಿದವರಿಗೆ ಊರು ಏನು ಕೊಡುತ್ತದೆ ಎಂಬುದು ನನಗೆ ಅಂದೇ ಗೊತ್ತಾಯಿತು. ಆದರೂ ಪುರಸಭೆಯವರು ಕರೆದಾಗ ತೇಪೆಗಾರ್ತಿಯ ಕೆಲಸಕ್ಕೆ ಸೇರಿದೆ. ತೇಪೆ ಎಂದರೆ ಇಷ್ಟೇ. ಯಾವ ಬ್ರೌಸರಿಗೆ ಯಾವ ವಿದ್ಯೆ ಬರುವುದಿಲ್ಲವೋ ನೋಡಿ, ಅಲ್ಲಿಗೆ ನಮ್ಮ ಕೈಯಿಂದ ಒಂದು ತುಂಡು ಬರೆದು ಹೊಲಿಯುವುದು. ನನಗಿಂತ ಮೊದಲು ಈ ಕೆಲಸದಲ್ಲಿದ್ದವರು ಚಾಮಯ್ಯ ಎಂಬ ಸಜ್ಜನರು. ಅವರು ಒಮ್ಮೆ ಒಂದು ಪಟ್ಟಿಯ ಕೊನೆಯ ಹೆಸರಿನ ಮುಂದೆಯೂ ಒಂದು ಅಲ್ಪವಿರಾಮ ಹಾಕಿಬಿಟ್ಟರು. ನೌಕೆ ನೋಡಿಯೂ ನೋಡದಂತೆ ಮುಂದೆ ಹೋಯಿತು, ವಾಯುವೇಗ ಕಾಣಲೇ ಇಲ್ಲ ಎಂದಿತು. ಗವಾಕ್ಷಿ ಮಾತ್ರ ಅಲ್ಪವಿರಾಮದ ಆಚೆ ಇನ್ನೂ ಏನೋ ಬರಬೇಕೆಂದು ಕಾಯುತ್ತ ನಿಂತುಬಿಟ್ಟಿತು. ಕೋಟೆಬೀದಿಯಲ್ಲಿ ನೀರು ನಿಂತಿತು, ದೀಪ ನಿಂತಿತು, ಬಸ್ಸು ನಿಂತಿತು. ಊರಿನಲ್ಲಿ ಅಲ್ಪವಿರಾಮವಾದದ್ದು ಆ ಬೀದಿಗೆ ಪೂರ್ಣವಿರಾಮವಾಯಿತು. ಚಾಮಯ್ಯನವರು ಈಗ ತೋಟದ ಕಡೆ ಜೇನು ಸಾಕುತ್ತಾರೆ. ಜೇನುಗಳು ಎಲ್ಲ ಬೀದಿಯಲ್ಲೂ ಒಂದೇ ಥರ ಕಚ್ಚುತ್ತವೆ ಎಂದು ಬಹಳ ಸಮಾಧಾನದಿಂದ ಹೇಳುತ್ತಾರೆ.

ಇನ್ನು ಪುರಸಭೆಯ ಅಧ್ಯಕ್ಷ ಶಾಂತರಾಜಯ್ಯನವರ ಹೂಮಾಲೆಯ ವಿಚಾರ. ಅವರು ಅಧಿಕಾರಕ್ಕೆ ಬಂದವರೇ ಪುಟದಲ್ಲಿ ತಮ್ಮ ಚಿತ್ರ ಹಾಕಿಸಿ, ಅದರ ಮೇಲೆ ಒಂದು ಮಾಲೆ ತೇಲುತ್ತ ಇಳಿದು ಕೊರಳಿಗೆ ಬೀಳುವಂತೆ ಬರೆಸಿದರು. ಪುಟ ತೋರಿಸಿದ್ದು ನಡೆಯಬೇಕಲ್ಲ, ಅಂದಿನಿಂದ ಅವರು ಸಂತೆಬೀದಿಗೆ ಕಾಲಿಟ್ಟರೂ ಹೊಳೆಬೀದಿಗೆ ಕಾಲಿಟ್ಟರೂ ಮೇಲಿನಿಂದ ಸೇವಂತಿಗೆ ಮಾಲೆ ಇಳಿಯುತ್ತಿತ್ತು. ಹೂಕಟ್ಟುವವರ ಅನ್ನಕ್ಕೆ ಕಲ್ಲು ಬಿತ್ತು, ಅಧ್ಯಕ್ಷರ ಕತ್ತು ಎತ್ತರವಾಯಿತು. ಆದರೆ ಮಾಲೆಯನ್ನು ಕೆಳಗಿಳಿಸುವ ವಿದ್ಯೆ ಗವಾಕ್ಷಿಗೆ ಗೊತ್ತಿರಲಿಲ್ಲ. ಕೋಟೆಬೀದಿಯ ದೀಪದ ಕಂಬವನ್ನು ಉದ್ಘಾಟಿಸಲು ಹೋದಾಗ ಮಾಲೆ ಅವರ ತಲೆಯಿಂದ ಒಂದು ಮೊಳ ಮೇಲೆ ಬಂದು, ಅಲ್ಲೇ ನೇತಾಡುತ್ತ ನಿಂತಿತು. ಅವರು ನಡೆದರೆ ನಡೆಯಿತು, ನಿಂತರೆ ನಿಂತಿತು. ಕತ್ತು ಚಾಚಿದರೂ ಸಿಗಲಿಲ್ಲ.

ಕಂಬದ ಬುಡದಲ್ಲಿ ಕೂತಿದ್ದ ಒಬ್ಬ ಅಜ್ಜಿ ನಿಜವಾದ ಕಾಳಜಿಯಿಂದ ಹೇಳಿತು: "ಸ್ವಾಮಿ, ಒಂಚೂರು ಎಗರಿ."

ಇಡೀ ಬೀದಿ ನಕ್ಕಿತು. ನಾನು ಮರುದಿನವೇ ತೇಪೆ ಹಾಕಿದೆ. ಅವರು ಮತ್ತೆ ಅಲ್ಲಿ ಭಾಷಣಕ್ಕೆ ನಿಂತಾಗ, ಗವಾಕ್ಷಿಯ ನಿಧಾನಕ್ಕೆ ಆ ತೇಪೆ ಸರಿಹೊಂದದೆ ಮಾಲೆ ಎಳೆದೆಳೆದು ಇಳಿದು, ಅಧ್ಯಕ್ಷರ ಮೂಗಿಗೆ ಬಡಿದು, ಮತ್ತೆ ಮೇಲಕ್ಕೆ ಹೋಗತೊಡಗಿತು. ಭಾಷಣ ಮುಗಿಯುವವರೆಗೂ ಬಡಿಯಿತು. ಮೊದಲು ಬೀದಿ ಮಾತ್ರ ನಕ್ಕಿತ್ತು, ಈ ಸಲ ಅವರ ಡ್ರೈವರೂ ನಕ್ಕ.

ವಾರದೊಳಗೆ ಅಧ್ಯಕ್ಷರು ನನ್ನನ್ನು ಕರೆಸಿದರು.

"ಏನಮ್ಮಾ, ಈ ಗವಾಕ್ಷಿಯವರಿಗೆ ಎಷ್ಟು ದಿನ ಅಂತ ತೇಪೆ ಹಾಕ್ತಾ ಕೂರ್ತೀಯ?"

"ಅವರು ಇರೋವರೆಗೂ ಸಾರ್."

"ಅದೇ ತೊಂದರೆ ಆಗಿರೋದು." ಅವರು ಒಂದು ವಾಕ್ಯವನ್ನು ತಾವೇ ರಚಿಸಿದ್ದರು, ಕಣ್ಣು ಮುಚ್ಚಿ ಹೇಳಿದರು: "ನಿಮ್ಮ ಬ್ರೌಸರಿಗೆ ಬೆಂಬಲವಿಲ್ಲ, ದಯವಿಟ್ಟು ಬದಲಿಸಿಕೊಳ್ಳಿ. ಗವಾಕ್ಷಿಯವರಿಗೆ ಇನ್ಮೇಲೆ ಇದಿಷ್ಟೇ ಕಾಣಲಿ. ದಯವಿಟ್ಟು ಅಂತ ಹಾಕಿದ್ದೀನಿ, ಗಮನಿಸಿದ್ಯಾ?"

"ಗಮನಿಸಿದೆ ಸಾರ್. ಬದಲಿಸ್ಕೊಳ್ಳೋಕೆ ಅಂಗೈ ಬದಲಿಸ್ಕೋಬೇಕಾಗುತ್ತೆ."

"ಅದು ಅವರ ಸ್ವಂತ ವಿಚಾರ. ಪುರಸಭೆ ಅದರಲ್ಲಿ ತಲೆ ಹಾಕಬಾರದು."

ನಲ್ಲಿ, ಬಸ್ಸು, ಆಸ್ಪತ್ರೆಯ ಗೇಟು ಎಲ್ಲವೂ ಪುಟ ನೋಡಿಯೇ ತೆರೆಯುವುದೆಂದು ಅವರಿಗೂ ಗೊತ್ತಿತ್ತು. ಪುಟ ಇಲ್ಲವೆಂದರೆ ಆ ಬೀದಿಗೆ ಊರೇ ಇಲ್ಲ. ಯಾವತ್ತಿನಿಂದ ಎಂದು ಕೇಳಿದೆ. ಮಂಗಳವಾರದಿಂದ ಎಂದರು. "ಮಂಗಳವಾರ ಇಲ್ಲದೆ ಇರೋದು ಅವರಿಗೆ ರೂಢಿ ಇದೆಯಲ್ಲ, ಅಷ್ಟು ಗಾಬರಿ ಆಗಲ್ಲ," ಎಂದರು. ಇವರಲ್ಲಿ ಕರುಣೆ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಇಲ್ಲಿ ಪ್ರವರದ ವಿಚಾರ ಹೇಳಬೇಕು. ಪುಟ ತೆರೆಯುವ ಮೊದಲು ಪ್ರತಿ ಬ್ರೌಸರ್ ತಾನು ಯಾರು, ಯಾವ ವಂಶ ಎಂದು ಹೇಳಿಕೊಳ್ಳಬೇಕು. ಹಿಂದೆ ಊರಿನಲ್ಲಿ ಕೋಟೆಬೀದಿಯ ಬ್ರೌಸರ್ ಒಂದೇ ಇತ್ತು. ಪುಟ ಬರೆದ ಪುಣ್ಯಾತ್ಮ, ಗವಾಕ್ಷಿ ಎಂದರೂ ಬೆಳಕಿಂಡಿ ಎಂದರೂ ಪೂರ್ತಿ ಪುಟ ಕೊಡು, ಮಿಕ್ಕವರಿಗೆ ಅರ್ಧ ಕೊಡು ಎಂದು ಬರೆದಿಟ್ಟು ಹೋದ. ಆಮೇಲೆ ಬಂದ ನೌಕೆಗೆ ಅರ್ಧ ಪುಟ ಸಿಕ್ಕಿತು, ಅರ್ಧ ಕೊಡ ನೀರು ಸಿಕ್ಕಿತು. ಹೊಳೆಬೀದಿಯವರು ಬುದ್ಧಿವಂತರು, ಅದಕ್ಕೆ ಸುಳ್ಳು ಹೇಳಲು ಕಲಿಸಿದರು. "ಗವಾಕ್ಷಿ ವಂಶದ ನೌಕೆ" ಎಂದು ಅದು ಹೇಳತೊಡಗಿತು, ಪೂರ್ತಿ ಪುಟ ಸಿಕ್ಕಿತು. ವಾಯುವೇಗ ಬಂದಾಗ ಯಾಕೆ ಬೇಕು ಎಂದು ಇಬ್ಬರನ್ನೂ ಸೇರಿಸಿಕೊಂಡಿತು. "ಗವಾಕ್ಷಿ ವಂಶದ, ನೌಕೆಗೆ ಸಮಾನವಾದ, ವಾಯುವೇಗ." ಮದುವೆಯ ಮಾತುಕತೆಯಲ್ಲಿ ಕೇಳುವ ಪ್ರವರಗಳಿಗಿಂತ ಇದರಲ್ಲಿ ಸುಳ್ಳು ಹೆಚ್ಚೇನೂ ಇಲ್ಲ. ಒಂದು ಮಾತು ಗಮನಿಸಬೇಕು. ವಂಶದ ಸುಳ್ಳು ಹೇಳುವಾಗ ಯಾರೂ ಮಸಿ ಹತ್ತಿದ ಹೆಸರನ್ನು ಆರಿಸಿಕೊಳ್ಳುವುದಿಲ್ಲ.

"ಸಾರ್, ಯಾರು ಅಂತ ಕೇಳೋದನ್ನೇ ಬಿಟ್ಟುಬಿಡೋಣ," ಎಂದೆ. "ಏನು ಮಾಡೋಕೆ ಬರುತ್ತೆ ಅಂತ ಕೇಳೋಣ. ಮಾಲೆ ಇಳಿಸೋಕೆ ಬಂದರೆ ಇಳಿಸಲಿ, ಬರದಿದ್ದರೆ ಮಾಲೆ ಮೊದಲೇ ಕೊರಳಲ್ಲಿರಲಿ. ಎಲ್ಲ ಬೀದೀಲೂ ಒಂದೇ ಥರ ನಡೆಯುತ್ತೆ."

ಅಧ್ಯಕ್ಷರು ನನ್ನನ್ನು ಮಗುವನ್ನು ನೋಡುವಂತೆ ನೋಡಿದರು. "ಏನು ಬರುತ್ತೆ ಅಂತ ಕೇಳ್ತಾ ಹೋದರೆ ಪುರಸಭೇಲಿ ಯಾರು ಉಳೀತಾರಮ್ಮಾ? ಯಾರವರು ಅಂತ ಕೇಳೋದು ಸುಲಭ. ಪ್ರವರದಲ್ಲಿ ಗವಾಕ್ಷಿ ಅಂತ ಇದ್ದರೆ ಹೊರಗೆ. ಒಂದೇ ಸಾಲು."

"ಗವಾಕ್ಷಿ ಅಂತಲೇ ಬರೀಲಾ ಸಾರ್? ಅದು ತನ್ನನ್ನ ತಾನು ಬೆಳಕಿಂಡಿ ಅಂತ..."

"ಆ ಅಡುಗೆಮನೆ ಹೆಸರು ಊರಿನ ಪುಟದಲ್ಲಿ ಬೇಡ. ಹೊರಗೆ ಹಾಕೋವಾಗಲೂ ಗೌರವವಾಗಿ ಹಾಕಬೇಕು."

"ಉಳಿದವರ ಪ್ರವರದಲ್ಲೂ ಒಂದು ಸಲ ನೋಡಿ..."

"ಪ್ರವರದ ವಿಚಾರ ನೀನು ನನಗೆ ಹೇಳ್ತೀಯಾ? ನಮ್ಮ ಮನೆತನ ಏನು, ನಿಂದೇನು?"

"ಮೂರು ಗಾಜಲ್ಲೂ ಪರೀಕ್ಷೆ ಮಾಡಿಯಾದರೂ ನೋಡೋಣ."

"ಒಂದು ಸಾಲಿಗೆ ಎಂಥ ಪರೀಕ್ಷೆ? ಹೇಳಿದಷ್ಟು ಮಾಡು."

ಹೇಳಿದಷ್ಟು ಮಾಡಿದೆ. ಜಾವಾಸ್ಕ್ರಿಪ್ಟ್ ಕಲಿತವಳಿಗೆ ಹೇಳಿದಷ್ಟು ಮಾಡುವುದರ ರುಚಿ ಚೆನ್ನಾಗಿ ಗೊತ್ತಿರುತ್ತದೆ. ಹಳೆಯ ಸಾಲನ್ನು ತೆಗೆದು ಅಧ್ಯಕ್ಷರ ಬಾಯಿಂದ ಬಂದ ಸಾಲನ್ನು, ಒಂದು ಅಕ್ಷರವನ್ನೂ ಸೇರಿಸದೆ, ಒಂದನ್ನೂ ಬಿಡದೆ ಬರೆದೆ. ಕೊನೆಯಲ್ಲಿ ಅಲ್ಪವಿರಾಮ ಇಲ್ಲವೆಂದು ಎರಡು ಸಲ ನೋಡಿದೆ. ಮಂಗಳವಾರದ ಬೆಳಗಿಗೆ ಕಾಯುವಂತೆ ಕಟ್ಟಿಟ್ಟು ಬಂದೆ.

ಹಾಸ್ಟೆಲಿನ ಅಡುಗೆಮನೆಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಚೆಲುವಮ್ಮನ ಮಗಳು ಮಾದೇವಿ ಚೊಚ್ಚಲ ಬಸುರಿ, ದಿನ ತುಂಬಿತ್ತು. ಕಾಲು ಊದಿಕೊಂಡಿದ್ದರಿಂದ ಮನೆಯಲ್ಲಿ ಹೆರಿಗೆ ಬೇಡವೇ ಬೇಡ ಎಂದು ಡಾಕ್ಟರ್ ಫಿರ್ದೌಸ್ ಕಟ್ಟುನಿಟ್ಟಾಗಿ ಹೇಳಿದ್ದರು. ಆಸ್ಪತ್ರೆಯ ಗೇಟಿನಲ್ಲಿ ಬೀದಿಗೊಂದರಂತೆ ಮೂರು ಗಾಜುಗಳಿವೆ. ಅವರವರ ಗಾಜಿಗೆ ಅಂಗೈ ಇಟ್ಟರೆ ಗೇಟು ತೆರೆಯುತ್ತದೆ, ಅಂಗೈ ಇಟ್ಟವರು ಕರೆದವರೂ ಜೊತೆಗೆ ಒಳಗೆ ಹೋಗಬಹುದು. ಕೋಟೆಬೀದಿಯ ಗಾಜು ಸತ್ತರೆ ಮಾದೇವಿ ಗೇಟಿನ ಹೊರಗೇ ಹೆರಬೇಕು.

ಚೆಲುವಮ್ಮ ಬೇಳೆ ತೊಳೆಯುತ್ತಿದ್ದರು. ತಲೆಯೆತ್ತದೆ ಕೇಳಿದರು: "ನೀನೇ ಬರ್ದ್ಯಂತೆ?"

"ಬರೆದೆ. ಆದರೆ ಮಂಗಳವಾರ ನಿಮ್ಮ ಗಾಜು ತೆರೆಯುತ್ತೆ. ತೆರೆಯಬೇಕು."

"ತೆರೆಯುತ್ತೆ ಅಂತೀಯೋ, ತೆರೆಯಬೇಕು ಅಂತೀಯೋ?"

ಗವಾಕ್ಷಿಯನ್ನು ಬಲ್ಲವರು ಯಾರೂ ಮೊದಲನೆಯದನ್ನು ಹೇಳಲಾರರು.

"ಮಾಲೆ ಇಳೀತದೆ ಅಂತಾನೂ ಹಿಂಗೇ ಹೇಳಿದ್ದೆ. ಆವಯ್ಯನ ಮೂಗು ಹೋಯ್ತು. ಇಲ್ಲಿ ಹೋಗೋದು ಮೂಗಲ್ಲ ಕಣೆ, ನನ್ ಮಗಳು."

"ಯಾರು ಅಂತ ಕೇಳಬೇಡಿ, ಏನು ಬರುತ್ತೆ ಅಂತ ಕೇಳಿ ಅಂತ ಅವರಿಗೆ ಹೇಳಿದೆ ಚೆಲುವಮ್ಮ. ಒಪ್ಪಲಿಲ್ಲ."

"ಅದೇನು ಅಂಥಾ ದೊಡ್ಡ ವಿದ್ಯೆ? ಡಬ್ಬ ಯಾವ ಅಂಗಡೀದು ಅಂತ ನೋಡಿ ಸಾರು ಮಾಡ್ತಾರಾ ಯಾರಾದ್ರೂ? ಒಳಗೆ ತೊಗರಿಬೇಳೆ ಐತಾ ಅಂತ ನೋಡ್ತೀನಿ. ಇಲ್ದಿದ್ರೆ ಹೆಸರುಬೇಳೆ ಹಾಕ್ತೀನಿ. ನೀವು ತಿಂದು ತೇಗ್ತೀರ." ಬೇಳೆಯ ನೀರನ್ನು ಬಸಿದು ಸೆರಗಿಗೆ ಕೈ ಒರೆಸಿಕೊಂಡರು. "ಮಂಗಳವಾರ ನೀನೂ ಗೇಟಿಗೆ ಬತ್ತೀಯ. ತೆರೀದಿದ್ರೆ ನಿನ್ ತಲೇಲೇ ಅದನ್ನ ಒಡೀತೀನಿ."

ಮಂಗಳವಾರ ಬೆಳಿಗ್ಗೆ ಹಾಸ್ಟೆಲಿನ ನಲ್ಲಿ ತಿರುಗಿಸಿದರೆ ಗಾಳಿ ಬಂತು. ಹಾಸ್ಟೆಲಿನವರ ಅಂಗೈಗಳನ್ನು ಸಂತೆಬೀದಿಯ ಲೆಕ್ಕಕ್ಕೆ ಸೇರಿಸಿದ್ದಾರೆ, ನಮ್ಮ ಗಾಜು ವಾಯುವೇಗದ್ದು. ಗಾಜಿನ ಮುಂದೆ ನಿಂತೆ. "ನಿಮ್ಮ ಬ್ರೌಸರಿಗೆ ಬೆಂಬಲವಿಲ್ಲ, ದಯವಿಟ್ಟು ಬದಲಿಸಿಕೊಳ್ಳಿ." ದಯವಿಟ್ಟು ಎಂಬುದು ಸ್ಪಷ್ಟವಾಗಿ ಮೂಡಿತ್ತು. ಕಿಟಕಿಯಿಂದ ನೋಡಿದರೆ ಸಂತೆಬೀದಿಯ ಬಸ್ಸುಗಳು ಸಾಲಾಗಿ ನಿಂತಿದ್ದವು. ಹೊಳೆಬೀದಿಯಲ್ಲಿ ಜನ ಕೊಡ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹೊಳೆಬೀದಿ ಎಂಬ ಹೆಸರಿದ್ದರೂ ಅಲ್ಲಿ ಹೊಳೆಯಿಲ್ಲ. ತಮ್ಮ ಬ್ರೌಸರಿನ ಪ್ರವರದಲ್ಲಿ ಗವಾಕ್ಷಿಯ ಹೆಸರಿದೆ ಎಂಬುದನ್ನು ಎರಡೂ ಬೀದಿಯವರು ಮರೆತೇಬಿಟ್ಟಿದ್ದರು. ಸುಳ್ಳು ಅಷ್ಟು ಹಳೆಯದಾದರೆ ಅದು ಸುಳ್ಳೆಂದು ಹೇಳಿದವರಿಗೂ ನೆನಪಿರುವುದಿಲ್ಲ.

ಅಷ್ಟರಲ್ಲಿ ಒಂದು ಆಟೋ ಬಂದು ಬಾಗಿಲಲ್ಲಿ ಕೂಗಿಕೊಂಡಿತು. ಊರಿನಲ್ಲಿ ಓಡುತ್ತಿದ್ದದ್ದು ಕೋಟೆಬೀದಿಯ ಆಟೋಗಳು ಮಾತ್ರ. ಒಳಗೆ ಮಾದೇವಿ ಅಮ್ಮನ ತೋಳನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಚೆಲುವಮ್ಮ ಇನ್ನೊಂದು ಕೈಯಲ್ಲಿ ನನ್ನ ಜಡೆ ಹಿಡಿದು ಒಳಗೆಳೆದರು. ಲ್ಯಾಪ್‌ಟಾಪ್ ಕಂಕುಳಲ್ಲಿತ್ತು, ಚಪ್ಪಲಿ ಇರಲಿಲ್ಲ.

"ನಲ್ಲೀಲಿ ನೀರು ಬಂತಾ?" ಎಂದು ಕೇಳಿದೆ.

"ನೀರು ನೋಡ್ಕೊಂಡು ಕೂತಿದ್ನಾ ನಾನು? ಮಾತಾಡಬ್ಯಾಡ."

ಆಸ್ಪತ್ರೆಯ ಗೇಟಿನ ಮುಂದೆ ಜಾತ್ರೆಯಷ್ಟು ಜನ. ಬಿಳಿ ಕೋಟಿನಲ್ಲಿ ಡಾಕ್ಟರ್ ಫಿರ್ದೌಸ್ ಹೊಳೆಬೀದಿಯ ಗಾಜಿಗೆ ಅಂಗೈ ಒತ್ತಿ ಒತ್ತಿ ಸಾಕಾಗಿ, ಈಗ ಮೊಣಕೈ ಒತ್ತಿ ನೋಡುತ್ತಿದ್ದರು. ಇಬ್ಬರು ನರ್ಸುಗಳು ಗೇಟು ಹತ್ತುವುದೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದರು. ಅವರೆಲ್ಲರ ಹಿಂದೆ ಅಧ್ಯಕ್ಷ ಶಾಂತರಾಜಯ್ಯನವರು ಪಂಚೆಯ ಮೇಲೆ ಟವೆಲ್ ಹೊದ್ದು ನಿಂತಿದ್ದರು. ತಲೆಯ ಮೇಲೆ ಸೋಪಿನ ನೊರೆ ಒಣಗಿ ಗಟ್ಟಿಯಾಗಿತ್ತು. ಸ್ನಾನದ ನಡುವೆ ನಲ್ಲಿ ನಿಂತಿದೆ. ಆಸ್ಪತ್ರೆಯ ತೊಟ್ಟಿಯಲ್ಲಿ ನೀರಿರುತ್ತದೆಂದು ಯಾರೋ ಹೇಳಿದ್ದಾರೆ. ಆ ದಿನ ಆಕಾಶದಿಂದ ಮಾಲೆ ಗೀಲೆ ಇಳಿಯಲಿಲ್ಲ.

ನನ್ನನ್ನು ಕಂಡವರೇ, "ಏನಮ್ಮಾ ಮಾಡಿದೆ ನೀನು?" ಎಂದು ಕಿರುಚಿದರು.

"ಹೇಳಿದಷ್ಟೇ ಸಾರ್."

ಚೆಲುವಮ್ಮ ಯಾರನ್ನೂ ನೋಡಲಿಲ್ಲ. ನೇರ ಹೋಗಿ ಕೋಟೆಬೀದಿಯ ಗಾಜಿಗೆ ಅಂಗೈಯಿಟ್ಟರು. ಗಾಜು ಸುಮ್ಮನಿತ್ತು. ಮಾದೇವಿ ಆಟೋದೊಳಗೆ ಚೀರಿದಳು. ಗಾಜಿನಲ್ಲಿ ಒಂದು ಸಣ್ಣ ಚಕ್ರ ಸುತ್ತತೊಡಗಿತು, ಸುತ್ತುತ್ತಲೇ ಇತ್ತು. ಚೆಲುವಮ್ಮ ಅಂಗೈಯನ್ನು ಇನ್ನೂ ಬಲವಾಗಿ ಒತ್ತಿದರು. ಸೌಟಿನ ಕಾವಿಗೂ ಸರಿಯದ ಕೈ ಅದು. ಬರೆದದ್ದು ನಾನೇ ಆದರೂ, ಆ ಹಳೆಯ ಬ್ರೌಸರ್ ಒಳಗೆ ಏನು ಯೋಚಿಸುತ್ತಿದೆ ಎಂದು ನನಗೂ ತಿಳಿದಿರಲಿಲ್ಲ. ಯಾರು ನೀನು ಎಂದು ಪುಟ ಕೇಳಿರಬೇಕು. ಬೆಳಕಿಂಡಿ ಎಂದು ಅದು ಹೇಳಿರಬೇಕು. ವಂಶವಿಲ್ಲ, ಸಮಾನರಿಲ್ಲ, ಅದೊಂದೇ ಪದ. ಅದು ಹುಟ್ಟಿದಾಗ ಸುಳ್ಳು ಹೇಳಿ ಹೋಲಿಸಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಪುಟ ಆ ಪದದಲ್ಲಿ ಗವಾಕ್ಷಿಯನ್ನು ಹುಡುಕಿತು, ಸಿಗಲಿಲ್ಲ.

ಗೇಟು ಕಿರ್ರೆಂದು ತೆರೆಯಿತು.

ಗುಂಪೆಲ್ಲ ಒಂದೇ ಸಲ ನುಗ್ಗಲು ನೋಡಿತು. ಚೆಲುವಮ್ಮ ಅಂಗೈ ತೆಗೆಯದೆ ಇನ್ನೊಂದು ಕೈಯನ್ನು ಅಡ್ಡ ಚಾಚಿದರು. "ನಿಂತ್ಕೊಳ್ಳಿ! ನಾನು ಕೈ ತೆಗೆದ್ರೆ ಗೇಟು ಹಾಕ್ಕೊತದೆ. ನಾನು ಕರೆದೋರು ಮಾತ್ರ ಬನ್ನಿ. ಡಾಕ್ಟ್ರಮ್ಮ, ನಿಮ್ಮನ್ನೇನು ಕೇಳೋದು, ಓಡಿ."

ಡಾಕ್ಟರ್ ಫಿರ್ದೌಸ್ ಓಡಿದರು.

"ನಿಂಗೇನವ್ವ ಬತ್ತದೆ?"

"ಹೆರಿಗೆ ವಾರ್ಡು, ಚೆಲುವಕ್ಕ," ಎಂದಳು ನರ್ಸು.

"ಹೋಗು. ನಿಂಗೆ?"

"ಸೂಜಿ, ಡ್ರಿಪ್ಪು."

"ಹೋಗು ಹೋಗು."

ಅಧ್ಯಕ್ಷರು ಟವೆಲ್ ಸರಿಮಾಡಿಕೊಂಡು ಮುಂದೆ ಬಂದರು. "ನಾನು ಯಾರು ಅಂತ ಗೊತ್ತಲ್ಲಮ್ಮಾ?"

"ಚೆನ್ನಾಗಿ ಗೊತ್ತು ಸ್ವಾಮಿ. ಏನು ಮಾಡೋಕೆ ಬತ್ತದೆ?"

"ನಾನು ಅಧ್ಯಕ್ಷ!"

"ಅದು ಯಾರು ಅನ್ನೋದಾಯ್ತು. ಕೈಯಲ್ಲಿ ಏನಾಗ್ತದೆ?"

ಇಷ್ಟು ಸಣ್ಣ ಪ್ರಶ್ನೆಯನ್ನು ಶಾಂತರಾಜಯ್ಯನವರಿಗೆ ಹುಟ್ಟಿದಂದಿನಿಂದ ಯಾರೂ ಕೇಳಿರಲಿಲ್ಲ. ಒಣಗಿದ ನೊರೆಯ ಒಂದು ಚೂರು ಉದುರಿ ಹುಬ್ಬಿನ ಮೇಲೆ ಕೂತಿತು. ಒಳಗಿನಿಂದ ನರ್ಸು ಗಾಲಿ ಮಂಚವನ್ನು ಹೊರಗೆ ಬಿಟ್ಟು, ಯಾರಾದರೂ ತಳ್ಳಿಕೊಂಡು ಬನ್ನಿ ಎಂದು ಕೂಗಿದಳು. ಆಟೋದವನೂ ನಾನೂ ಮಾದೇವಿಯನ್ನು ಎತ್ತಿ ಅದರ ಮೇಲೆ ಮಲಗಿಸುತ್ತಿದ್ದೆವು.

"ತಳ್ಳೋಕೆ ಬರುತ್ತೆ," ಎಂದರು ಅಧ್ಯಕ್ಷರು, ಮೆಲ್ಲಗೆ.

"ಅದು ಗೊತ್ತಿದ್ದದ್ದೇ. ಒಂದು ಬೀದೀನೇ ತಳ್ಳಿದೋರು ನೀವು, ಒಂದು ಮಂಚ ಯಾವ ಲೆಕ್ಕ? ಬನ್ನಿ, ಬನ್ನಿ, ಬಿಗಿಯಾಗಿ ಹಿಡೀರಿ."

ಊರಿನ ಅಧ್ಯಕ್ಷರು ನೊರೆ ಉದುರಿಸುತ್ತ ಮಂಚ ತಳ್ಳಿಕೊಂಡು ಒಳಗೆ ಓಡಿದರು. ಚೆನ್ನಾಗಿಯೇ ತಳ್ಳಿದರು ಎಂದು ಹೇಳಬೇಕು. ತಿರುವಿನಲ್ಲಿ ಒಮ್ಮೆ ಮಾತ್ರ ಗೋಡೆಗೆ ತಾಗಿತು, ಮಾದೇವಿ ಅವರಿಗೆ ಒಂದು ಬೈಗುಳ ಕೊಟ್ಟಳು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಹಿಂದೆಯೇ ನಾನೂ ಒಳಗೆ ಹೋಗಲು ಹೊರಟೆ. ಚೆಲುವಮ್ಮ ತಡೆದರು.

"ನಿಂಗೇನು ಬತ್ತದೆ?"

"ತೇಪೆ."

"ಹಂಗಾದ್ರೆ ಇಲ್ಲೇ ಕೂತು ಹಾಕು. ಎರಡು ಬೀದಿ ಜನ ಬರೀ ಕೊಡ ಹಿಡ್ಕೊಂಡು ನಿಂತವ್ರೆ, ಅವರಿಗೇನು ಹೆತ್ತೋರಿಲ್ವಾ?" ಎಂದವರೇ ಒಳಗೆ ಹೋದರು, ಗೇಟು ಮುಚ್ಚಿಕೊಂಡಿತು.

ಮೆಟ್ಟಿಲ ಮೇಲೆ ಕೂತೆ. ಅಧ್ಯಕ್ಷರ ಸಾಲನ್ನು ಅಳಿಸಿದೆ. ಪ್ರವರ ಕೇಳುವ ಸಾಲುಗಳನ್ನು ಒಂದೊಂದಾಗಿ ಹುಡುಕಿ ಅಳಿಸಿದೆ, ಅವು ನಾನೆಣಿಸಿದ್ದಕ್ಕಿಂತ ಹೆಚ್ಚಿದ್ದವು. ಬೀದಿ ಕೇಳುತ್ತಿದ್ದ ಎಲ್ಲ ಕಡೆಯೂ ಒಂದೇ ಪ್ರಶ್ನೆ ಬರೆದೆ: ಏನು ಮಾಡೋಕೆ ಬರುತ್ತೆ? ಬಂದರೆ ಮಾಡಲಿ, ಬರದಿದ್ದರೆ ಇಗೋ ತೇಪೆ. ಬರೆದು ಮುಗಿಸಿ ಸಂತೆಬೀದಿಯವನೊಬ್ಬನನ್ನೂ, ಹೊಳೆಬೀದಿಯ ಹೆಂಗಸೊಬ್ಬರನ್ನೂ, ಕೋಟೆಬೀದಿಯ ಆಟೋದವನನ್ನೂ ಸಾಲಾಗಿ ನಿಲ್ಲಿಸಿ, ಮೂರು ಗಾಜಿಗೂ ಅಂಗೈ ಇಡಿಸಿದೆ. ಗವಾಕ್ಷಿಯಲ್ಲಿ ಮೊದಲ ಸಲ ಕೆಲಸ ಮಾಡಲಿಲ್ಲ. ಎಲ್ಲೋ ಒಂದು ಅಲ್ಪವಿರಾಮ ಉಳಿದಿತ್ತು. ಹುಡುಕಿ ತೆಗೆದ ಮೇಲೆ ಮೂರೂ ಗಾಜು ಒಟ್ಟಿಗೆ ಬೆಳಗಿ ಗೇಟು ತೆರೆಯಿತು. ದೂರದಲ್ಲಿ ಬಸ್ಸುಗಳು ಡ್ರೈವರುಗಳನ್ನು ಬಿಟ್ಟು ಹೊರಟ ಸದ್ದು ಕೇಳಿಸಿತು. ಮುಂದಿನ ಸಭೆಯಲ್ಲಿ ಶಾಂತರಾಜಯ್ಯನವರು ಇದು ತಮ್ಮ ಬಹುದಿನದ ಕನಸೆಂದು ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಸಂಬಳದ ವಾರವಾಗಿತ್ತು.

ಆದರೆ ಅದು ಆಮೇಲಿನ ಮಾತು. ಆ ಮಂಗಳವಾರ ನಾನು ಒಳಗೆ ಹೋದಾಗ ಮಾದೇವಿ ಕಣ್ಣು ಮುಚ್ಚಿ ಮಲಗಿದ್ದಳು, ಉಸಿರಾಟ ಸರಿಯಾಗಿತ್ತು. ಹೆಣ್ಣು ಮಗು. ಕೋಟೆಬೀದಿಯಲ್ಲಿ ಮಂಗಳವಾರ ಹುಟ್ಟಿದ ಮೊದಲ ಜೀವ. ನರ್ಸು ಅದರ ಅಂಗೈಯನ್ನು ವಾರ್ಡಿನ ಮೂರು ಗಾಜುಗಳಲ್ಲಿ ಕೋಟೆಬೀದಿಯದಕ್ಕೆ ಒತ್ತಿ, ರೂಢಿಯಂತೆ ಬೀದಿಯ ಹೆಸರು ಹೇಳಲು ಬಾಯಿ ತೆರೆದು, ಹಾಗೇ ನಿಂತಳು.

"ಚೆಲುವಕ್ಕ, ಇದೇನೋ ಬೇರೆ ಕೇಳ್ತಿದೆ ಕಣ್ರೀ. ಯಾವ ಬೀದಿ ಅಂತ ಕೇಳ್ತಿಲ್ಲ. ಏನು ಮಾಡೋಕೆ ಬರುತ್ತೆ ಅಂತ ಕೇಳ್ತಿದೆ. ಈಗ ಹುಟ್ಟಿದ್ದಕ್ಕೆ ಏನಂತ ಹಾಕ್ಲಿ?"

ಮಗು ಹೊತ್ತಿಗೆ ಸರಿಯಾಗಿ, ವಾರ್ಡಿನ ಕಿಟಕಿಗಳು ಅದುರುವ ಹಾಗೆ ಕಿರುಚಿತು.

"ಕಿವಿ ಕೇಳಿಸಲ್ವಾ ನಿಂಗೆ?" ಎಂದರು ಚೆಲುವಮ್ಮ. "ಅಳೋಕೆ ಬತ್ತದೆ ಅಂತ ಹಾಕು."

ನರ್ಸು ಹಾಕಿದಳು. ಪುಟ ಮೂರು ಗಾಜಿನಲ್ಲೂ ಒಂದೇ ಥರ ಒಪ್ಪಿಕೊಂಡಿತು. ಅದರ ಮೇಲಿನ ಸಾಲಿನಲ್ಲಿ, ಆಗತಾನೆ ತೊಟ್ಟಿಯ ನೀರಿಗಾಗಿ ಅಂಗೈ ಒತ್ತಿ ಹೋಗಿದ್ದ ಅಧ್ಯಕ್ಷರ ಹೆಸರಿನ ಮುಂದೆ, "ತಳ್ಳೋಕೆ" ಎಂದಿತ್ತು.